ಅಜ್ಜನೂ ನನ್ನ ಒಂಟೆಯೂ

ನನಗೆ ಚದುರಂಗ ಕಲಿಸಿದ್ದು ನಮ್ಮ ಅಜ್ಜ. ಅಜ್ಜಂಪುರ ಸಂತೆಯಲ್ಲಿ ತಂದ ರಟ್ಟಿನ ಮಣೆ. ಒಂದು ಕಾಲಾಳು ಕಳೆದುಹೋಗಿದೆ, ಅದರ ಬದಲು ಅಡಿಕೆ ಇಡುತ್ತೇವೆ. ನಾನು ಒಂದು ಸಲವೂ ಗೆದ್ದಿರಲಿಲ್ಲ.

ಒಂದು ದಿನ ಅಜ್ಜ ನೀರು ಕುಡಿಯಲು ಒಳಗೆ ಹೋದರು. ನಾನು ಮೆಲ್ಲಗೆ ನನ್ನ ಒಂಟೆಯನ್ನು ಪಕ್ಕದ ಮನೆಗೆ ಸರಿಸಿದೆ. ಅಜ್ಜ ಬಂದವರೇ ಮಣೆ ನೋಡಿ, "ಒಂಟೆ ಓರೆಯಾಗೇ ನಡೀತೈತೆ, ತನ್ನ ಬಣ್ಣ ಬಿಡಲ್ಲ. ನಿನ್ನ ಎರಡು ಒಂಟೆನೂ ಕಪ್ಪು ಮನೆಗೆ ಹೆಂಗೆ ಬಂದ್ವೋ?" ಅಂದರು. ನಾನು ತಲೆ ಎತ್ತಲಿಲ್ಲ. ಅಜ್ಜ ಹೊಡೆಯಲಿಲ್ಲ. "ನಾನು ಈ ಕಾಯಿ ಯಾಕೆ ನಡೆಸಿದೆ ಅಂತ ಮೊದಲು ಯೋಚನೆ ಮಾಡು. ಆಮೇಲೆ ನಿನ್ನ ಕಾಯಿ ಮುಟ್ಟು" ಅಂದರು.

ಅಂದಿನಿಂದ ಎಲ್ಲಾ ನಡೆಗಳನ್ನು ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಸೋತ ಮೇಲೆ ಎಲ್ಲಿ ತಪ್ಪಿದೆ ಅಂತ ಹುಡುಕುತ್ತೇನೆ. ಹೆಚ್ಚಾಗಿ ಅವಸರದಲ್ಲೇ ತಪ್ಪಿರುತ್ತೇನೆ. ದೊಡ್ಡವರೂ ತಪ್ಪುತ್ತಾರೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಚೀನಾದ ಡಿಂಗ್ ಲಿರೆನ್ 14ನೇ ಆಟದಲ್ಲಿ ಆನೆಯನ್ನು ತಪ್ಪು ಮನೆಗೆ ಇಟ್ಟರು. ನಮ್ಮ ದೇಶದ ಗುಕೇಶ್ ಅದನ್ನು ಕಂಡುಹಿಡಿದು 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ನಡೆಸುತ್ತಿದ್ದರಂತೆ. ನಾನೂ ಮಾಡಿದೆ, 51ಕ್ಕೆ ಸಿಕ್ಕಿಹಾಕಿಕೊಂಡೆ. ಗೆಳೆಯರೇ, ನೀವೂ ಮಾಡಿ ನೋಡಿ.

ಹೋದ ಭಾನುವಾರ ಅಜ್ಜನ ಜೊತೆ ಆಟ ಸಮ ಆಯಿತು. ಇನ್ನೂ ಗೆದ್ದಿಲ್ಲ. ಆದರೆ ಅಜ್ಜ ನೀರು ಕುಡಿಯಲು ಹೋದಾಗ ನಾನು ಕೈ ಕಟ್ಟಿಕೊಂಡು ಕುಳಿತಿದ್ದೆ.

– 7ನೇ ತರಗತಿ