ನಾಯಿ ಕಚ್ಚಿದ ಮೇಲಿನ 28 ದಿನ

ಮಂಜೇಶ್ವರ ತಾಲೂಕಿನ ನಮ್ಮ ಒಳದಾರಿಗಳಲ್ಲಿ ಬೆಳಿಗ್ಗೆ ಆರೂವರೆಗೆ ಕಾಣಿಸುವುದು ಎರಡೇ ಗುಂಪು. ಒಂದು, ಎದೆಗೆ ಕಿತಾಬು ಅವುಚಿಕೊಂಡು ಮದ್ರಸಕ್ಕೆ ಹೋಗುವ ಮಕ್ಕಳು. ಇನ್ನೊಂದು, ರಾತ್ರಿಯ ಕಸ ಕೆದಕಿ ಇನ್ನೂ ಮುಗಿಸದ ನಾಯಿಗಳು. ಏಳು ವರ್ಷದ ನನ್ನ ಮಗನಿಗೆ ನಾಯಿ ಕಚ್ಚಿದ್ದು ಈ ಹೊತ್ತಿನಲ್ಲೇ. ಎಡಗಾಲಿನ ಮೀನಖಂಡದಲ್ಲಿ ಹಲ್ಲು ಆಳಕ್ಕೆ ಇಳಿದಿತ್ತು, ರಕ್ತ ಸುರಿಯುತ್ತಿತ್ತು. ಕೈ ಮೇಲೆ ಎರಡು ಗೀರು.

ಅದಾಗಿ ನಾಲ್ಕು ತಿಂಗಳಾಯಿತು. ಅವನು ಚೆನ್ನಾಗಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಆದರೆ ಈ ನಾಲ್ಕು ತಿಂಗಳಲ್ಲಿ ಮೂರು ಮನೆಯವರು ನನಗೆ ಫೋನ್ ಮಾಡಿ "ನಮ್ಮ ಮಗುವಿಗೂ ಕಚ್ಚಿತು, ನೀವು ಎಂತ ಮಾಡಿದ್ದು?" ಎಂದು ಕೇಳಿದ್ದಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲ ಕೆಲಸ ಗಾಯ ತೊಳೆಯುವುದು. ಅಂಗಳದ ನಲ್ಲಿಯ ಕೆಳಗೆ ಅವನ ಕಾಲು ಹಿಡಿದು ಸೋಪು ಹಾಕಿ ತೊಳೆಯತೊಡಗಿದೆ. ಅಷ್ಟರಲ್ಲಿ ಮಾಮಿ ತೆಂಗಿನ ಬುಡದಿಂದ ಒಂದು ಹಿಡಿ ಮಣ್ಣು ತಂದರು. ನಾವು ಶಾಫಿಗಳು. ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಇದು ನಮ್ಮ ಮನೆಗಳಲ್ಲಿ ಸಣ್ಣ ಮಗುವಿಗೂ ಗೊತ್ತು. ಮಾಮಿಯ ಗಾಬರಿ ಎರಡು ಬಗೆಯದು: ಮೊಮ್ಮಗನಿಗೆ ಗಾಯ ಆಯಿತು ಎಂಬುದು ಒಂದು, ಮೈ ನಜಸ್ ಆಯಿತು ಎಂಬುದು ಇನ್ನೊಂದು. ತೆರೆದ ಗಾಯಕ್ಕೆ ಮಣ್ಣು ಹಾಕಿದರೆ ಧನುರ್ವಾಯುವಿನ ಅಪಾಯ ಬೇರೆ. "ಮಾಮಿ, ಗಾಯಕ್ಕೆ ಬೇಡ, ಉಸ್ತಾದರಿಗೆ ಒಂದು ಫೋನ್ ಮಾಡಿ ಕೇಳಿ" ಎಂದೆ. ಉಸ್ತಾದರು ಒಂದೇ ಮಾತಿನಲ್ಲಿ ಮುಗಿಸಿದರು: "ಮಗುವಿಗೆ ತೊಂದರೆ ಆಗುವುದನ್ನು ದೀನ್ ಹೇಳುವುದಿಲ್ಲ. ಮೊದಲು ಡಾಕ್ಟರ್ ಹೇಳಿದ ಹಾಗೆ ಮಾಡಿ. ಬಟ್ಟೆ, ನೆಲ ಏಳು ಸಲ ತೊಳೆಯಿರಿ. ಗಾಯದ ವಿಷಯ ಅದು ಒಣಗಿದ ಮೇಲೆ ನೋಡುವ." ಮಾಮಿಯ ಮುಖ ಸಡಿಲವಾಯಿತು. ರಕ್ತ ಆಗಿದ್ದ ಪೈಜಾಮವನ್ನೂ ಜಗಲಿಯನ್ನೂ ಅವರೇ ಎಣಿಸಿ ಎಣಿಸಿ ತೊಳೆದರು. ನಾನು ಗಾಯ ತೊಳೆದೆ.

ತೊಳೆಯುವುದು ಎಂದರೆ ನೀರು ಎರಚುವುದಲ್ಲ. ಹರಿಯುವ ನೀರು, ಸೋಪು, ಗಡಿಯಾರ ನೋಡಿ 15 ನಿಮಿಷ. ರೇಬಿಸ್‌ನ ವೈರಸ್ ಇರುವುದು ನಾಯಿಯ ಜೊಲ್ಲಿನಲ್ಲಿ. ಅದು ಗಾಯದಿಂದ ನರ ಹಿಡಿದು ನಿಧಾನಕ್ಕೆ ಮೆದುಳಿನ ಕಡೆಗೆ ಸಾಗುತ್ತದೆ. ಅದರ ಹೊರಪೊರೆ ಕೊಬ್ಬಿನದ್ದು, ಸೋಪು ಅದನ್ನು ಒಡೆಯುತ್ತದೆ. ಅಕ್ಕಪಕ್ಕದವರು ಬಂದು ಮೆಣಸಿನ ಹುಡಿ ಹಾಕಿ, ಸುಣ್ಣ ಹಚ್ಚಿ, ಕಾಫಿ ಹುಡಿ ಒತ್ತಿ ಎಂದು ಹೇಳುತ್ತಲೇ ಇದ್ದರು. ಪ್ರೀತಿಯಿಂದ ಹೇಳುವುದೇ. ಆದರೆ ಅದು ಯಾವುದೂ ಬೇಡ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ.

ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಗಾಯ ನೋಡಿ "ಕೆಟಗರಿ ಮೂರು" ಎಂದು ಚೀಟಿಯಲ್ಲಿ ಬರೆದರು. ನಾಯಿ ಮುಟ್ಟಿದ್ದು, ಗಾಯವಿಲ್ಲದ ಚರ್ಮ ನೆಕ್ಕಿದ್ದು ಒಂದನೆಯದು. ರಕ್ತ ಬಾರದ ಸಣ್ಣ ಗೀರು ಎರಡನೆಯದು, ಅದಕ್ಕೆ ಲಸಿಕೆ ಬೇಕು. ಹಲ್ಲು ಚರ್ಮದೊಳಗೆ ಇಳಿದು ರಕ್ತ ಬಂದರೆ ಮೂರನೆಯದು. ಅದಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಇನ್ನೊಂದು ಮದ್ದೂ ಬೇಕು, ಜನ ಸೀರಂ ಎನ್ನುತ್ತಾರೆ. ಇದು ಯಾಕೆ ಎಂದು ಡಾಕ್ಟರ್ ಹೇಳಿದ್ದು ನನಗೆ ಚೆನ್ನಾಗಿ ತಲೆಗೆ ಹೋಯಿತು. ಲಸಿಕೆ ಹಾಕಿದ ಕೂಡಲೇ ಮೈಯಲ್ಲಿ ರಕ್ಷಣೆ ಹುಟ್ಟುವುದಿಲ್ಲ, ಒಂದೆರಡು ವಾರ ಹಿಡಿಯುತ್ತದೆ. ಅಷ್ಟು ದಿನ ಗಾಯದ ಹತ್ತಿರವೇ ವೈರಸ್ಸನ್ನು ತಡೆಯಲು ಸಿದ್ಧ ರಕ್ಷಣೆಯನ್ನು ಹೊರಗಿನಿಂದ ಕೊಡುತ್ತಾರೆ. ಅದೇ ಸೀರಂ. ಅದನ್ನು ತೂಕ ನೋಡಿ ಕೊಡುವುದು. ಕುದುರೆಯ ರಕ್ತದಿಂದ ಮಾಡಿದ್ದಾದರೆ ಕಿಲೋಗೆ 40 ಯೂನಿಟ್. 20 ಕಿಲೋ ಇರುವ ನನ್ನ ಮಗನಿಗೆ 800 ಯೂನಿಟ್.

ನಾವು ಹೋದ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಸೀರಂ ಇರಲಿಲ್ಲ. ಮೊದಲ ಲಸಿಕೆಯೂ ಧನುರ್ವಾಯುವಿನ ಇಂಜೆಕ್ಷನ್ನೂ ಹಾಕಿ, ಸೀರಂಗೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿ ಕೆಲವರು "ಲಸಿಕೆ ಆಯಿತಲ್ಲ, ಇನ್ನು ನಾಳೆ ನೋಡುವ" ಎಂದು ಮನೆಗೆ ಹೊರಟದ್ದನ್ನು ಕಂಡೆ. ಆಟೋದವನಿಗೆ ನಾನು ಮನೆಗೆ ಎನ್ನಲಿಲ್ಲ, ನೇರ ದೊಡ್ಡ ಆಸ್ಪತ್ರೆಗೆ ಎಂದೆ. ಸೀರಂ ಅದೇ ದಿನ ಸಿಕ್ಕಿದರೆ ಒಳ್ಳೆಯದು. ಮೊದಲ ಲಸಿಕೆ ಆಗಿ ಏಳು ದಿನ ದಾಟಿದರೆ ಮತ್ತೆ ಅದನ್ನು ಕೊಡುವುದಿಲ್ಲ.

ಸೀರಂ ಚುಚ್ಚುವುದು ತೋಳಿಗಲ್ಲ, ಗಾಯದ ಒಳಗೆ ಮತ್ತು ಸುತ್ತ. ಅದನ್ನು ನೋಡಲು ಆಗುವುದಿಲ್ಲ. ಮಗನ ತಲೆ ನನ್ನ ಎದೆಯಲ್ಲಿ, ಕಾಲು ನರ್ಸಿನ ಕೈಯಲ್ಲಿ. ಅವನ ಉಪ್ಪ ದುಬೈಯಿಂದ ವಿಡಿಯೋ ಕಾಲಿನಲ್ಲಿ "ಸೂರಃ ಓದು ಮೋನೆ, ಓದು" ಎನ್ನುತ್ತಿದ್ದರು, ಅವರ ಸ್ವರವೇ ಒಡೆದಿತ್ತು. ಗಾಯಕ್ಕೆ ಹೊಲಿಗೆ ಹಾಕಲಿಲ್ಲ, ಇಂಥ ಗಾಯವನ್ನು ಸಾಧ್ಯವಾದರೆ ಹೊಲಿಯದೆ ಬಿಡುತ್ತಾರಂತೆ.

ಮನೆಗೆ ಬಂದಾಗ ಮಾಮಿ ಕೇಳಿದ ಮೊದಲ ಪ್ರಶ್ನೆ: "ಹೊಕ್ಕುಳಿಗೆ ಎಷ್ಟು ಕೊಟ್ಟರು?" ಅವರ ಕಾಲದಲ್ಲಿ ನಾಯಿ ಕಚ್ಚಿದವರಿಗೆ ಹೊಟ್ಟೆಯ ಮೇಲೆ 14 ಇಂಜೆಕ್ಷನ್. ಅದಕ್ಕೂ ಹಿಂದಿನವರು ಕುನೂರಿನ ಹೆಸರು ಹೇಳುತ್ತಿದ್ದರಂತೆ. ನೀಲಗಿರಿಯ ಕುನೂರಿನಲ್ಲಿ 1907ರಲ್ಲಿ ಶುರುವಾದ ಪಾಶ್ಚರ್ ಸಂಸ್ಥೆ ದಕ್ಷಿಣದ ಜನರಿಗೆ ಈ ಚಿಕಿತ್ಸೆಯ ಜಾಗವಾಗಿತ್ತು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು 20 ವರ್ಷ ದಾಟಿತು. ಆದರೆ ಹೊಕ್ಕುಳಿನ ಭಯ ನಮ್ಮ ಹಿರಿಯರಲ್ಲಿ ಇನ್ನೂ ನಿಂತಿಲ್ಲ. ಆ ಭಯದಿಂದಲೇ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಈಗ ಸರಕಾರಿ ಆಸ್ಪತ್ರೆಯಲ್ಲಿ ಕೊಡುವುದು ಚರ್ಮದ ಪದರದೊಳಗೆ, ಎರಡೂ ತೋಳಿಗೆ ಒಂದೊಂದು ಹನಿಯಷ್ಟು, 0.1 ಮಿಲಿ. ನಾಲ್ಕು ದಿನ: 0, 3, 7, 28. ಮೊದಲನೆಯದು ಸೋಮವಾರ ಆದರೆ ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ನಾಲ್ಕು ವಾರ ತುಂಬುವ ಸೋಮವಾರ. ಮಾಂಸದೊಳಗೆ ಕೊಡುವ ಕ್ರಮದಲ್ಲಿ 14ನೇ ದಿನದ್ದೂ ಸೇರಿ ಐದು ಸಲ.

ನಮ್ಮ ಕಾರ್ಡು ಮಲಯಾಳದಲ್ಲಿತ್ತು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಬ್ಯಾರಿ ಮಾತಾಡುವ ನಮಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಗೊತ್ತಿಲ್ಲ. ತೆಂಕಿನ ಕಡೆಯಿಂದ ಬಂದ ನರ್ಸು ವೇಗವಾಗಿ ಹೇಳಿದ್ದರಲ್ಲಿ ಅರ್ಧ ಹೋಯಿತು. "ಇನ್ನೊಮ್ಮೆ ನಿಧಾನಕ್ಕೆ ಹೇಳಿ" ಎಂದು ಕೇಳಿ ಕಾರ್ಡಿನ ಹಿಂದೆ ಕನ್ನಡದಲ್ಲಿ ನಾಲ್ಕು ತಾರೀಕು ಬರೆದುಕೊಂಡೆ. ಅವರು ಸಿಟ್ಟಾಗಲಿಲ್ಲ, ತಾನೇ ಬೆರಳಿಟ್ಟು "ಪೇವಿಷಬಾಧೆ ಅಂದರೆ ರೇಬಿಸ್" ಎಂದು ತೋರಿಸಿದರು. ಕಾಸರಗೋಡಿನ ಕನ್ನಡದವರು ಇಂಥ ಕಡೆ ನಾಚಿಕೆ ಬಿಟ್ಟು ಕೇಳಲೇಬೇಕು. ತಾರೀಕು ತಪ್ಪಿದರೆ ನಷ್ಟ ನಮ್ಮ ಮಗುವಿಗೆ.

ಪಥ್ಯದ ವಿಷಯದಲ್ಲಿಯೂ ಸಲಹೆಗಳಿಗೆ ಬರವಿರಲಿಲ್ಲ. ಮೀನು ಬೇಡ, ಮೊಟ್ಟೆ ಬೇಡ, ಇರಚ್ಚಿ ಬೇಡವೇ ಬೇಡ. ಡಾಕ್ಟರ್ ನಕ್ಕು "ಅವನು ತಿನ್ನುವುದನ್ನೆಲ್ಲ ಕೊಡಿ" ಎಂದರು. ಮಧ್ಯಾಹ್ನವೇ ಅವನು ಬಂಗುಡೆ ಸಾರಿನಲ್ಲಿ ಊಟ ಮಾಡಿದ.

ಇನ್ನು ಕಚ್ಚಿದ ನಾಯಿಯ ಕತೆ. ಅದು ಬೀದಿಯದ್ದೇ, ಆದರೆ ನಮ್ಮ ಮನೆಯಿಂದ ಮೂರನೆಯ ಮನೆಯ ಅಕ್ಕ ಅನ್ನ ಹಾಕುತ್ತಿದ್ದ ನಾಯಿ. ತುಳು ಮಾತಾಡುವವರು, ನನ್ನ ಮದುವೆಯಾದಾಗಿನಿಂದ ಗೊತ್ತು. ದೀಪಾವಳಿಗೆ ಅವರಲ್ಲಿಂದ ಅವಲಕ್ಕಿ, ಪೆರ್ನಾಳಿಗೆ ನಮ್ಮಲ್ಲಿಂದ ಪಾಯಸ. ಆ ದಿನ ಮಧ್ಯಾಹ್ನ ಏಳೆಂಟು ಹುಡುಗರು ದೊಣ್ಣೆ ಹಿಡಿದು ಅವರ ಅಂಗಳಕ್ಕೆ ಹೊರಟಿದ್ದರು. ಆಸ್ಪತ್ರೆಯಿಂದ ಬಂದವಳು ಗೇಟಿನಲ್ಲೇ ಅವರನ್ನು ತಡೆದೆ. ನನಗೆ ನಾಯಿಯ ಮೇಲೆ ಕರುಣೆ ಉಕ್ಕಿರಲಿಲ್ಲ. ಡಾಕ್ಟರ್ ಒಂದು ಮಾತು ಹೇಳಿದ್ದರು: ನಾಯಿಯನ್ನು ಕಣ್ಣಿಗೆ ಬೀಳುವ ಹಾಗೆ 10 ದಿನ ಇಟ್ಟುಕೊಳ್ಳಿ. ರೇಬಿಸ್ ಇರುವ ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವ ಹೊತ್ತಿಗೆ ಅದರ ಸಾವೂ ಹತ್ತಿರ ಬಂದಿರುತ್ತದೆ. 10 ದಿನ ಕಳೆದೂ ಅದು ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದು ಅರ್ಥ. ಹೊಡೆದು ಹೂತುಹಾಕಿದರೆ ಅದು ತಿಳಿಯುವ ದಾರಿಯೇ ಮುಚ್ಚಿತು. "ಅದು ಸತ್ತರೆ ನನ್ನ ಮಗನ ವಿಷಯ ನನಗೆ ಯಾರು ಹೇಳುವುದು?" ಎಂದೆ. ಹುಡುಗರು ದೊಣ್ಣೆ ಇಳಿಸಿದರು.

ಆದರೆ ನಾಯಿಯನ್ನು ನೋಡಿಕೊಂಡು ಲಸಿಕೆಗೆ ಕಾಯಬಾರದು. ಲಸಿಕೆ ಲಸಿಕೆಯ ಪಾಡಿಗೆ, ನಾಯಿಯ ಮೇಲಿನ ಕಣ್ಣು ಅದರ ಪಾಡಿಗೆ.

ಅಕ್ಕ ಅದನ್ನು ಹಲಸಿನ ಮರದ ಬುಡದಲ್ಲಿ ಸಂಕೋಲೆ ಹಾಕಿ ಕಟ್ಟಿದರು. ನಮ್ಮ ಮನೆಗೆ ಬರುವ ಧೈರ್ಯ ಅವರಿಗಿರಲಿಲ್ಲ. ಹೋಗಿ ಮಾತಾಡಿಸುವ ಮನಸ್ಸು ನನಗೂ ಇರಲಿಲ್ಲ. ದಿನಾ ಸಂಜೆ ಅವರ ಮಗಳ ಕೈಯಿಂದ ಫೋನಿನಲ್ಲಿ ಒಂದು ಸಾಲು ಬರುತ್ತಿತ್ತು: "ಇವತ್ತೂ ಅನ್ನ ತಿಂದಿದೆ, ನೀರು ಕುಡಿದಿದೆ." ಮಗ್ರಿಬ್ ಆಗುವ ಮುಂಚೆ ಆ ಸಾಲು ಬಾರದಿದ್ದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಐದು ವರ್ಷದ ಒಂದು ಹೆಣ್ಣು ಮಗು, ತಲೆಗೆ ನಾಯಿ ಕಚ್ಚಿ, ಲಸಿಕೆ ಹಾಕಿಸಿಯೂ ತೀರಿಕೊಂಡಿತ್ತು. ತಲೆ, ಮುಖದ ಗಾಯವಾದರೆ ಮೆದುಳಿಗೆ ದಾರಿ ಬಹಳ ಹತ್ತಿರ. ನಮ್ಮದು ಕಾಲು ಎಂದು ಬುದ್ಧಿಗೆ ಗೊತ್ತಿತ್ತು. ರೋಗ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ ಎಂಬುದೂ ಗೊತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಅವನಿಗೆ ನೀರು ಕುಡಿಸಿ ನೋಡುತ್ತಿದ್ದೆ, ಗಂಟಲಿನಲ್ಲಿ ಇಳಿಯುತ್ತದೋ ಇಲ್ಲವೋ ಎಂದು.

ಹನ್ನೊಂದನೆಯ ದಿನ ನಾನೇ ಅಕ್ಕನ ಮನೆಗೆ ಹೋದೆ. ನಾಯಿ ಎದ್ದು ಬಾಲ ಅಲ್ಲಾಡಿಸಿತು. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಚಹಾ ಇಟ್ಟರು. ನಾವು ನಾಯಿಯ ಮಾತೆತ್ತದೆ ಮಳೆಯ ಬಗ್ಗೆ ಮಾತಾಡಿದೆವು. ಆಮೇಲೆ ಅವರು ಅದಕ್ಕೂ ಲಸಿಕೆ ಹಾಕಿಸಿದರು. ಮಗನ 28ನೇ ದಿನದ ಲಸಿಕೆಯನ್ನೂ ನಾವು ಬಿಡಲಿಲ್ಲ.

ಕಾಲಿನ ಗಾಯ ಮೂರು ವಾರದಲ್ಲಿ ಒಣಗಿತು. ಭಯ ಒಣಗಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಎಲ್ಲೋ ಬೊಗಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಹಾಸಿಗೆ ಒದ್ದೆ ಮಾಡತೊಡಗಿದ. ಮದ್ರಸಕ್ಕೆ ಹೊರಡುವ ಹೊತ್ತಿಗೆ ಹೊಟ್ಟೆನೋವು. ಗದರಿಸಿದರೆ ಪ್ರಯೋಜನವಿಲ್ಲ ಎಂದು ಎರಡು ವಾರ ನಾನೇ ಜೊತೆಗೆ ನಡೆದೆ. ಆಮೇಲೆ ದೊಡ್ಡ ಮಕ್ಕಳ ಗುಂಪಿನಲ್ಲಿ ಕಳಿಸಿದೆ. ಓಡಬಾರದು, ಕಲ್ಲು ಎತ್ತಬಾರದು, ನಾಯಿ ಹತ್ತಿರ ಬಂದರೆ ಕಂಬದ ಹಾಗೆ ನಿಲ್ಲಬೇಕು, ಮರಿ ಹಾಕಿದ ಮತ್ತು ತಿನ್ನುತ್ತಿರುವ ನಾಯಿಯ ಹತ್ತಿರ ಹೋಗಬಾರದು ಎಂದು ಆ ಮಕ್ಕಳಿಗೆಲ್ಲ ಉಸ್ತಾದರೇ ಪಾಠ ಹೇಳಿದರು.

ಇನ್ನೊಂದು ಮದ್ದು ಮಾಮಿಯಿಂದ ಬಂತು. ರಾತ್ರಿ ಅವನ ತಲೆ ಸವರುತ್ತಾ ಗುಹೆಯಲ್ಲಿ ಮಲಗಿದ ಯುವಕರ ಕತೆ, ಹೊಸ್ತಿಲಲ್ಲಿ ಮುಂಗಾಲು ಚಾಚಿ ಕೂತ ಅವರ ನಾಯಿಯ ಕತೆ ಹೇಳಿದರು. ಬಾಯಾರಿದ ನಾಯಿಗೆ ಬಾವಿಗೆ ಇಳಿದು ಪಾದರಕ್ಷೆಯಲ್ಲಿ ನೀರು ತುಂಬಿ ತಂದವನಿಗೆ ಪಾಪ ಮನ್ನಾ ಆದದ್ದನ್ನೂ ಹೇಳಿದರು. "ನಾಯಿ ನಜಸ್ ಅಲ್ವಾ ಅಜ್ಜಿ?" ಎಂದು ಮಗ ಕೇಳಿದ. "ತಾಗಿದರೆ ತೊಳೆಯಬೇಕು ಮೋನೆ. ಹೊಡೆಯಬೇಕು ಎಂದು ಯಾರು ಹೇಳಿದ್ದು?" ಎಂದರು ಮಾಮಿ. ನಮ್ಮಲ್ಲಿ ಎಷ್ಟೋ ದೊಡ್ಡವರಿಗೂ ಈ ವ್ಯತ್ಯಾಸ ತಿಳಿಯಬೇಕಾಗಿದೆ ಎಂದು ನನಗೆ ಅನ್ನಿಸಿತು.

ಜಮಾಅತ್ ಸಭೆಯಲ್ಲಿಯೂ ವಿಷಯ ಬಂತು. ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಬೇಕು ಎಂದು 2023ರ ನಿಯಮ ಹೇಳುತ್ತದೆ. ಅದರ ಹೊಣೆ ಪಂಚಾಯತಿನದ್ದು, ಕೇಳುವ ಹಕ್ಕು ನಮ್ಮದು. ಆದರೆ ಕೋಳಿ ಅಂಗಡಿಯ ಕಸ, ಮದುವೆ ಹಾಲಿನ ಎಲುಬು ರಾತ್ರೋರಾತ್ರಿ ಮದ್ರಸದ ದಾರಿಯ ಬದಿಗೆ ಬಂದು ಬೀಳುವುದನ್ನು ನಿಲ್ಲಿಸಲು ಯಾವ ಪಂಚಾಯತೂ ಬೇಡ. ಸಭೆ ಅಷ್ಟನ್ನು ಒಪ್ಪಿತು. ಈಗ ಆ ತಿರುವಿನಲ್ಲಿ ಕಸ ಕಡಿಮೆ, ನಾಯಿಯೂ ಕಡಿಮೆ.

ಕೊನೆಗೆ ಬೆಕ್ಕಿನ ವಿಷಯ. ಬೆಕ್ಕು ನಮಗೆ ಶುದ್ಧ, ಮನೆಯೊಳಗೆ ಮಕ್ಕಳ ಜೊತೆ ಮಲಗುತ್ತದೆ. ಹಾಗಾಗಿ ಅದು ಪರಚಿದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶುದ್ಧಿಯ ಲೆಕ್ಕ ಬೇರೆ, ರೋಗದ ಲೆಕ್ಕ ಬೇರೆ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಕಳೆದ ವಾರ ಮದ್ರಸದ ಹಿಂದೆ ಒಂದು ಬೀಡಾಡಿ ಬೆಕ್ಕು ಮಗನ ಗೆಳೆಯನಿಗೆ ಕಚ್ಚಿತು. ಮನೆಯಲ್ಲಿ ಬೈಯುತ್ತಾರೆಂದು ಆ ಹುಡುಗ ಕೈಯನ್ನು ಅಂಗಿಯೊಳಗೆ ಮುಚ್ಚಿಕೊಂಡನಂತೆ. ನನ್ನ ಮಗ ಅವನನ್ನು ವುಳೂ ಮಾಡುವ ನಲ್ಲಿಗೆ ಎಳೆದುಕೊಂಡು ಹೋಗಿ ಸೋಪು ಹಚ್ಚಿ, ಗೋಡೆಯ ಗಡಿಯಾರ ನೋಡುತ್ತಾ ನಿಂತನಂತೆ. ಉಸ್ತಾದರು ಬಂದು "ಸಾಕಲ್ವಾ?" ಎಂದಾಗ "ಇನ್ನೂ ಆರು ನಿಮಿಷ ಉಂಟು ಉಸ್ತಾದ್" ಎಂದನಂತೆ.