ಒಳಗೆ ಕುಳಿತ ಒಡೆಯ

ಅಧಿಕಾರವೆಂದೊಡನೆ ಸಿಂಹಾಸನ, ಸೈನ್ಯ, ಸೆರೆಮನೆಗಳು ನೆನಪಿಗೆ ಬರುವುದು ಸಹಜ. ಇವೆಲ್ಲವನ್ನೂ ಮೀರಿದ ಅಧಿಕಾರವೊಂದು ಮನುಷ್ಯನ ಅಂತರಂಗವನ್ನೇ ಹೊಕ್ಕು, ಅವನದೇ ಅಂತಸ್ಸಾಕ್ಷಿಯ ದನಿಯಲ್ಲಿ ಮಾತನಾಡತೊಡಗುತ್ತದೆ. ಹೊರಗಿನ ಒಡೆಯನನ್ನು ಗುರುತಿಸಬಹುದು. ಒಳಗೆ ಕುಳಿತ ಒಡೆಯನನ್ನು ಗುರುತಿಸುವುದು ಕಷ್ಟ. ಅಮೆರಿಕದ ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ನಾಡಿನ ಹಿರಿಯ ಕಾದಂಬರಿಗಳನ್ನು ಓದಿ ಚರ್ಚಿಸುವಾಗ ಎದುರಾಗುವ ತೊಡಕೂ ಇದೇ.

ಆ ದೇಶದಲ್ಲಿ ಇಂಥ ಚರ್ಚೆಗೆಂದೇ ಒಂದು ಪದ್ಧತಿಯುಂಟು. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ದಾನಿಯ ನೆರವಿನಿಂದ ನ್ಯೂ ಹ್ಯಾಂಪ್‌ಶೈರಿನ ಫಿಲಿಪ್ಸ್ ಎಕ್ಸೆಟರ್ ಶಾಲೆಯಲ್ಲಿ ಆರಂಭವಾದ ಈ ಕ್ರಮದಲ್ಲಿ ಸುಮಾರು ಹನ್ನೆರಡು ವಿದ್ಯಾರ್ಥಿಗಳು ಅಂಡಾಕಾರದ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಉಪಾಧ್ಯಾಯರಿಗೆ ಪ್ರತ್ಯೇಕ ಪೀಠವಿಲ್ಲ. ಮುಂದೆ ಅನೇಕ ಶಾಲೆಗಳು ಈ ಕ್ರಮವನ್ನು ಅನುಸರಿಸಿದವು.

ಅಂಥದೊಂದು ಮೇಜಿನ ಸುತ್ತ ಮಾರ್ಕ್ ಟ್ವೇನರ ‘ಹಕಲ್‌ಬೆರಿ ಫಿನ್’ ಕುರಿತು ಮಾತು ನಡೆದಿತ್ತು. ಅಮೆರಿಕದಲ್ಲಿ ಅದು ಪ್ರಕಟವಾದುದು 1885ರಲ್ಲಿ. ಸಂವಿಧಾನದ 13ನೆಯ ತಿದ್ದುಪಡಿಯು ಗುಲಾಮಗಿರಿಯನ್ನು ತೊಡೆದುಹಾಕಿ ಆಗಲೇ ಸುಮಾರು ಇಪ್ಪತ್ತು ವರ್ಷಗಳಾಗಿದ್ದವು. ಕಥೆ ಮಾತ್ರ ಅದಕ್ಕೂ ಹಿಂದಿನ ಕಾಲದ್ದು. ಬಾಲಕ ಹಕ್, ಒಡತಿಯ ಮನೆಯಿಂದ ತಪ್ಪಿಸಿಕೊಂಡ ಜಿಮ್‌ನೊಡನೆ ಮಿಸಿಸಿಪಿ ನದಿಯಲ್ಲಿ ತೆಪ್ಪದ ಮೇಲೆ ಸಾಗುತ್ತಾನೆ. ದಾರಿಯಲ್ಲಿ ವಂಚಕರು ಜಿಮ್‌ನನ್ನು ನಲವತ್ತು ಡಾಲರಿಗೆ ಮಾರುತ್ತಾರೆ. ಪರರ ಸೊತ್ತನ್ನು ಅಡಗಿಸುವುದು ಪಾಪವೆಂದು ಊರೂ ಚರ್ಚೂ ಕಲಿಸಿದ್ದನ್ನು ನಂಬಿದ ಹಕ್, ಒಡತಿಗೆ ಪತ್ರ ಬರೆಯುತ್ತಾನೆ. ಬರೆದೊಡನೆ ಮನಸ್ಸು ಹಗುರವಾಗುತ್ತದೆ. ಆಮೇಲೆ ಜಿಮ್‌ನ ಅಕ್ಕರೆ ನೆನಪಾಗುತ್ತದೆ. ನರಕಕ್ಕೆ ಹೋದರೂ ಸರಿಯೆಂದು ಪತ್ರವನ್ನು ಹರಿದುಹಾಕುತ್ತಾನೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಹಕ್ ತಾನು ಪುಣ್ಯಕಾರ್ಯ ಮಾಡಿದೆನೆಂದು ತಿಳಿಯಲಿಲ್ಲ. ಸಮಾಜದ ಕಟ್ಟಳೆಯೇ ಅವನ ಅಂತಸ್ಸಾಕ್ಷಿಯಾಗಿತ್ತು. ಕರುಣೆಯೇ ಪಾಪದಂತೆ ತೋರಿತ್ತು.

“ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಉಪಾಧ್ಯಾಯಿನಿ ಕೇಳಿದರು. ಪತ್ರವನ್ನು ಹರಿಯುತ್ತಿದ್ದೆವೆಂದು ಒಬ್ಬರಾದ ಮೇಲೊಬ್ಬರು ನುಡಿದರು. ಆಫ್ರಿಕನ್ ಅಮೆರಿಕನ್ ಹುಡುಗನೊಬ್ಬ ಮಾತ್ರ ಸುಮ್ಮನಿದ್ದ. ಅವನ ಜನರನ್ನು ಹೀಗಳೆಯುವ ಪದವೊಂದು ಆ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. ಪದ ಬಂದಾಗಲೆಲ್ಲ ಮೇಜಿನ ಸುತ್ತಣ ಕಣ್ಣುಗಳು ಅವನತ್ತ ಹೊರಳುತ್ತಿದ್ದವು. ರಾಲ್ಫ್ ಎಲಿಸನ್‌ರ ‘ಇನ್‌ವಿಸಿಬಲ್ ಮ್ಯಾನ್’ (1952) ಕಾದಂಬರಿಯ ಹೆಸರಿಲ್ಲದ ನಾಯಕನ ಸಂಕಟವೂ ಇದೇ: ನೋಡುವವರು ತಮ್ಮ ಕಲ್ಪನೆಯನ್ನು ನೋಡುತ್ತಾರೆ, ಎದುರಿಗಿರುವ ಮನುಷ್ಯನನ್ನು ಕಾಣುವುದಿಲ್ಲ.

ಕೊನೆಗೆ ಆ ಹುಡುಗ ಕೇಳಿದ: “ಎಲ್ಲರೂ ಹಕ್‌ನನ್ನು ಹೊಗಳಿದಿರಿ. ಜಿಮ್‌ನ ಬದುಕು ಒಬ್ಬ ಬಾಲಕನ ಮನಸ್ಸು ಎತ್ತ ತಿರುಗೀತೆಂಬುದನ್ನು ಏಕೆ ಕಾಯಬೇಕು?”

ಮೇಜು ಮೌನವಾಯಿತು. ಬಳಿಕ ಕಥೆಯ ಕೊನೆಯ ಅಧ್ಯಾಯಗಳನ್ನು ಮತ್ತೆ ತೆರೆದರು. ಒಡತಿ ಸಾಯುವಾಗಲೇ ಉಯಿಲಿನ ಮೂಲಕ ಜಿಮ್‌ನನ್ನು ಬಿಡುಗಡೆ ಮಾಡಿದ್ದಳು. ಟಾಮ್ ಸಾಯರ್ ಅದನ್ನು ಬಲ್ಲವನಾಗಿದ್ದೂ ಮುಚ್ಚಿಟ್ಟು, ಸ್ವತಂತ್ರನ ಸೆರೆವಾಸವನ್ನು ತನ್ನ ಸಾಹಸದ ಆಟವಾಗಿಸಿಕೊಂಡ. ಅದೇ ಟಾಮ್ ಗುಂಡೇಟಿಗೆ ಬಿದ್ದಾಗ, ಜಿಮ್ ಓಡಿಹೋಗುವ ಅವಕಾಶವನ್ನು ಬಿಟ್ಟು ಅವನ ಬಳಿ ಉಳಿದ. ಮತ್ತೆ ಸಂಕೋಲೆಗೆ ಸಿಕ್ಕಿಬಿದ್ದ. ಸೆರೆಯಾಳಾಗಿ ತಾಳ್ಮೆಯಿಂದಿದ್ದುದಕ್ಕೆ ಟಾಮ್ ಅವನಿಗಿತ್ತ ಹಣವೂ ನಲವತ್ತೇ ಡಾಲರು! ನರಕಕ್ಕೆ ಅಂಜದ ಬಾಲಕನನ್ನು ಕೊಂಡಾಡಿದವರಿಗೆ, ಕೈಗೆ ಬಂದ ಬಿಡುಗಡೆಯನ್ನೇ ಪರರಿಗಾಗಿ ಬಿಟ್ಟವನು ಕಂಡಿರಲಿಲ್ಲ.

ಆಗ ಮೊದಲು ಉತ್ತರಿಸಿದ್ದ ಹುಡುಗಿಯೇ ತನ್ನ ಮಾತನ್ನು ಹಿಂತೆಗೆದುಕೊಂಡಳು. ಕಳೆದ ವಾರ ಊಟದ ವೇಳೆಯಲ್ಲಿ ಗೆಳತಿಯರು ಸಹಪಾಠಿಯೊಬ್ಬಳ ಉಡುಪನ್ನು ಹಂಗಿಸಿದಾಗ ತಾನೂ ನಕ್ಕಿದ್ದಳಂತೆ. “ಆ ಮೇಜಿನಿಂದ ಎದ್ದುಹೋಗಲಾರದೆ ನಕ್ಕವಳು ನಾನು. ಹಕ್‌ನ ಸ್ಥಾನದಲ್ಲಿದ್ದರೆ ಬಹುಶಃ ಪತ್ರವನ್ನು ಅಂಚೆಗೆ ಹಾಕುತ್ತಿದ್ದೆ” ಎಂದಳು. ಆ ದಿನದ ಚರ್ಚೆಯಲ್ಲಿ ಬೆಲೆ ತೆತ್ತು ಆಡಿದ ಮಾತುಗಳು ಎರಡು: ಹುಡುಗನ ಪ್ರಶ್ನೆ, ಈ ಒಪ್ಪಿಗೆ.

ಎಲ್ಲರೂ ಮೆಚ್ಚುವಾಗ ಧೀರನನ್ನು ಮೆಚ್ಚುವುದು ಸುಲಭ. ಗುಂಪು ಕೆಟ್ಟದ್ದನ್ನು ಹೇಳಿದಾಗ ಮಾತ್ರವಲ್ಲ, ಒಳ್ಳೆಯದನ್ನು ಹೇಳಿದಾಗಲೂ ಅದರ ದನಿಯನ್ನೇ ತನ್ನದೆಂದು ತಿಳಿಯುವ ಅಪಾಯವುಂಟು. ಪರ್ಸಿವಲ್ ಎವೆರೆಟ್ ಇದೇ ಕಥೆಯನ್ನು ಜಿಮ್‌ನ ಬಾಯಿಂದ ಹೇಳಿಸಿದ ‘ಜೇಮ್ಸ್’ ಕಾದಂಬರಿ 2024ರಲ್ಲಿ ಬಂದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಹುಡುಗನ ಪ್ರಶ್ನೆಯ ಹಿಂದಿದ್ದ ಹಂಬಲವೂ ಅದೇ. ತನ್ನೊಳಗೆ ಮಾತನಾಡುತ್ತಿರುವವರು ಯಾರೆಂದು ವಿಚಾರಿಸುವುದು ಓದಿನ ಮೊದಲ ಮೆಟ್ಟಿಲು. ಇದುವರೆಗೆ ಮಾತಿಗೆ ಎಡೆ ಸಿಗದವನಿಗೆ ಕಿವಿಗೊಡುವುದು ಎರಡನೆಯದು. ಇವೆರಡೂ ನಡೆಯಲ್ಲಿ ಇಳಿದಾಗಲೇ ಓದು ಸಾರ್ಥಕ.