ಜೋಳದ ರೊಟ್ಟಿಯ ಸುತ್ತ ರಾತ್ರಿಯೂಟ

ದೌಂಡ್ ತಾಲ್ಲೂಕಿನ ಕುರಕುಂಭವು ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ ರಾಸಾಯನಿಕ ಕಾರ್ಖಾನೆಗಳ ಊರಾಗಿದ್ದು, ಇಂಥ ಕೈಗಾರಿಕಾ ವಸಾಹತಿನಲ್ಲಿ ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಕುಟುಂಬವೊಂದು ರಾತ್ರಿಯೂಟವನ್ನು ಯೋಜಿಸುವಾಗ ಪಾಳಿ ಕೆಲಸ, ಮಧುಮೇಹ, ವ್ರತ, ಮಕ್ಕಳ ರುಚಿ ಎಲ್ಲವನ್ನೂ ಒಟ್ಟಿಗೆ ತೂಗಬೇಕಾಗುತ್ತದೆ. ಅಲ್ಲಿ ಆಧಾರವಾಗಬೇಕಾದದ್ದು ಜೋಳವೇ. ಮಾಲದಂಡಿ, ಅಂದರೆ ಭೀಮಾ ಸೀಮೆಯ ಹಿಂಗಾರಿ ಬಿಳಿಜೋಳದ ತಳಿಯು, ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡೂ ಕಡೆ ಬೆಳೆಯುವುದರಿಂದ ತವರಿನ ರೊಟ್ಟಿಗೂ ನೆರೆಮನೆಯ ಭಾಕರಿಗೂ ಹಿಟ್ಟು ಒಂದೇ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟುಪ್ರೋಟೀನ್ ಜೋಳದಲ್ಲಿ ಇಲ್ಲದ ಕಾರಣ ಅದನ್ನು ಸಹಿಸದವರೂ ಇದನ್ನು ಉಣ್ಣಬಹುದು. ಆದರೆ ಜೋಳದಲ್ಲಿಯೂ ಪಿಷ್ಟ ಹೇರಳವಾಗಿರುವುದರಿಂದ ಮಧುಮೇಹಿಗಳು ರೊಟ್ಟಿಯ ಸಂಖ್ಯೆಯನ್ನು ಇಳಿಸಿ ಕಾಳುಪಲ್ಯ, ಸೊಪ್ಪು, ಹಸಿ ಸೌತೆಯನ್ನು ಹೆಚ್ಚಿಸಿಕೊಳ್ಳಬೇಕು.

ರುಚಿಯ ಭೇದಕ್ಕೆ ಬೇರೆ ಬೇರೆ ಅಡುಗೆಯ ಅಗತ್ಯವಿಲ್ಲ. ಮಡಿಕೆಕಾಳಿನ ಪಲ್ಯವನ್ನೋ ಕಡಲೆಹಿಟ್ಟಿನ ಝುಣಕವನ್ನೋ ಉಪ್ಪು, ಖಾರ ಕಡಿಮೆ ಹಾಕಿ ಮಾಡಿ, ಮಕ್ಕಳಿಗೂ ರಕ್ತದೊತ್ತಡವುಳ್ಳ ಹಿರಿಯರಿಗೂ ಮೊದಲು ಬಡಿಸಿ, ಖಾರ ಬೇಡುವವರಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಕೆಂಪು ಮೆಣಸಿನಕಾಯಿಯ ರಂಜಕಗಳನ್ನು ಪಕ್ಕದಲ್ಲಿಟ್ಟರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೂಚಿಸುತ್ತದೆ. ಉಪ್ಪಿನಕಾಯಿ, ಹಪ್ಪಳಗಳೂ ಆ ಲೆಕ್ಕದೊಳಗೇ ಬರುತ್ತವೆ. ಏಕಾದಶಿಯಂದು ಉಪವಾಸವಿರುವವರಿಗೆ ಮಹಾರಾಷ್ಟ್ರದ ರೂಢಿಯಂತೆ ಭಗರ್ ಎಂಬ ಕಿರುಧಾನ್ಯದ ಅನ್ನ ಬೇಯಿಸಿದಾಗ, ವ್ರತವಿಲ್ಲದವರೂ ಅದನ್ನೇ ಮೊಸರಿನೊಡನೆ ಉಣ್ಣಬಹುದು. ರಾತ್ರಿ ಪಾಳಿಗೆ ಹೊರಡುವವರ ಬುತ್ತಿಗೆ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯನ್ನೇ ಕಟ್ಟಿರಿ, ಅದು ಬೆಳಗಿನವರೆಗೂ ಕೆಡುವುದಿಲ್ಲ.